ಅರಾನ್ ದ್ವೀಪ ಒಂದು ದಿನದ ಕೆಲಸ ಅಲ್ಲ

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಸ್ಕಾಟ್ಲೆಂಡ್ ಪ್ರವಾಸದ ಬಗ್ಗೆ ಒಂದು ಬರಹ ಬಂದಿತ್ತು. ಚೆನ್ನಾಗಿತ್ತು. ನನ್ನ ತಕರಾರು ಇರುವುದು ಕೊನೆಯ ಪ್ಯಾರಾದ ಒಂದೇ ಒಂದು ಸಾಲಿನ ಮೇಲೆ. ಅರಾನ್ ದ್ವೀಪದ ಸುತ್ತ ಇರುವ ರಸ್ತೆ 90 ಕಿಲೋಮೀಟರ್, ಬೆಳಿಗ್ಗೆ ಹಡಗು ಇಳಿದು ಸೈಕಲ್ ಬಾಡಿಗೆಗೆ ತಗೊಂಡರೆ ಸಂಜೆಯ ಹಡಗಿಗೆ ಸುತ್ತಿ ವಾಪಸ್ ಬರಬಹುದು ಅಂತ ಬರೆದಿದ್ದರು. ಮೈಸೂರಿನಲ್ಲಿರುವ ನನ್ನ ಭಾವ ಆ ಸಾಲಿಗೆ ಕೆಂಪು ಗೆರೆ ಎಳೆದು, ಫೋಟೊ ತೆಗೆದು, ನನಗೆ ವಾಟ್ಸ್ಆ್ಯಪ್ ಮಾಡಿದ್ದಾರೆ. ಕೆಳಗೆ ಒಂದು ಪ್ರಶ್ನೆ: "ನೀನು ಮೂರು ದಿನ ಅಂದೆ, ಪೇಪರಿನವರು ಒಂದು ದಿನ ಸಾಕು ಅಂತಾರಲ್ಲ?"

ಪೇಪರಿನಲ್ಲಿ ಬಂದಿದ್ದನ್ನು ನಾನು ಫೋನಿನಲ್ಲಿ ಅಲ್ಲ ಅಂದರೆ ಅವರು ಕೇಳುವವರಲ್ಲ. ಹಾಗಾಗಿ ಪೇಪರಿಗೇ ಬರೆಯುತ್ತಿದ್ದೇನೆ.

ನಾನು ತಿಪಟೂರಿನವನು, ಗ್ಲಾಸ್ಗೋದಲ್ಲಿ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಯಿತು. ಅರಾನ್‌ಗೆ ಸೈಕಲ್ ತಗೊಂಡು ನಾಲ್ಕು ಸಲ ಹೋಗಿದ್ದೇನೆ. ಭಾವ ಮತ್ತು ಅವರ ಇಬ್ಬರು ಗೆಳೆಯರು, ಮೂವರೂ ಐವತ್ತು ದಾಟಿದವರು, ಬರುವ ಮೇ ಕೊನೆಗೆ ಬರುತ್ತಿದ್ದಾರೆ. ಮೂವರೂ ವಾರಕ್ಕೆರಡು ಸಲ ಚಾಮುಂಡಿ ಬೆಟ್ಟ ಹತ್ತುವವರು. ಅವರಿಗೆ 90 ಕಿಲೋಮೀಟರ್ ತುಳಿಯೋದಕ್ಕೆ ಆಗಲ್ಲ ಅಂತಲ್ಲ. ಖಂಡಿತ ಆಗುತ್ತೆ. ಇಲ್ಲಿನ ಗಟ್ಟಿ ಸೈಕಲ್ ಕ್ಲಬ್ಬಿನವರು ಬೆಳಿಗ್ಗೆ ಹೋಗಿ ಸುತ್ತಿ ಮಧ್ಯಾಹ್ನದ ಹಡಗು ಹಿಡಿಯುತ್ತಾರೆ. ಆದರೆ ಆ ಲೆಕ್ಕ ಬರೀ ಕಿಲೋಮೀಟರಿನದ್ದು. ಅರಾನ್‌ನಲ್ಲಿ ಎಣಿಸಬೇಕಾದ್ದು ಗಾಳಿ, ಏರು, ಆಮೇಲೆ ಹಡಗು. ಕಿಲೋಮೀಟರ್ ಕಟ್ಟಕಡೆಗೆ.

ಹಡಗಿನಿಂದಲೇ ಶುರು ಮಾಡ್ತೇನೆ, ಯಾಕಂದರೆ ಅಲ್ಲೇ ಎಲ್ಲರೂ ಎಡವೋದು. ದಶಕಗಳ ಕಾಲ ಅರಾನ್‌ಗೆ ಹೋಗುವುದು ಅಂದರೆ ಗ್ಲಾಸ್ಗೋ ಸೆಂಟ್ರಲ್‌ನಲ್ಲಿ ರೈಲು ಹತ್ತು, ಆರ್ಡ್ರಾಸನ್ ಬಂದರಿನ ಸ್ಟೇಷನ್ನಿನಲ್ಲಿ ಇಳಿ, ನಾಲ್ಕು ಹೆಜ್ಜೆ ನಡಿ, ಹಡಗಿನೊಳಗೆ ಹೋಗು, ಅಷ್ಟೇ. 55 ನಿಮಿಷಕ್ಕೆ ಅರಾನ್‌ನ ಬಂದರು ಬ್ರಾಡಿಕ್. ಈಗ ಹಾಗಿಲ್ಲ. 2025ರ ಜನವರಿಯಿಂದ 'ಗ್ಲೆನ್ ಸ್ಯಾನಕ್ಸ್' ಅನ್ನೋ ದೊಡ್ಡ ಹಡಗು ಬಂದಿದೆ, ಅದು ಆರ್ಡ್ರಾಸನ್ ಬಂದರಿಗೆ ಹಿಡಿಸಲ್ಲ. ಹಾಗಾಗಿ ಅದು ಹೊರಡೋದು ಟ್ರೂನ್ ಅನ್ನೋ ಇನ್ನೊಂದು ಬಂದರಿನಿಂದ. ಪ್ರಯಾಣ ಒಂದೂಕಾಲು ಗಂಟೆಯ ಆಸುಪಾಸು. ಈ ಹಡಗಿನ ಕಥೆ ನಮ್ಮೂರಿನ ಫ್ಲೈಓವರ್ ಕಥೆಗಳನ್ನೂ ಮೀರಿಸುತ್ತೆ. 2017ರ ನವೆಂಬರಿನಲ್ಲಿ ದೊಡ್ಡ ಸಮಾರಂಭ ಮಾಡಿ ಇದನ್ನು ನೀರಿಗಿಳಿಸಿದಾಗ ಚಾಲಕರ ಕೋಣೆಗೆ ಕಿಟಕಿಗಳೇ ಇರಲಿಲ್ಲ, ಕಿಟಕಿ ಇದ್ದ ಹಾಗೆ ಕಪ್ಪು ಬಣ್ಣ ಬಳಿದಿದ್ದರು! ಇದಕ್ಕೂ ಇದರ ಜೋಡಿ ಹಡಗು 'ಗ್ಲೆನ್ ರೋಸಾ'ಗೂ ಸೇರಿ 97 ಮಿಲಿಯನ್ ಪೌಂಡ್‌ಗೆ ಒಪ್ಪಂದವಾಗಿತ್ತು, ಖರ್ಚು ಅದರ ಎಷ್ಟೋ ಪಟ್ಟು ಆಯಿತು. 2018ರಲ್ಲಿ ಬರಬೇಕಿದ್ದ ಹಡಗು ಜನರನ್ನು ಹತ್ತಿಸಿಕೊಂಡಿದ್ದು ಏಳು ವರ್ಷ ತಡವಾಗಿ. ಇಷ್ಟೆಲ್ಲ ಅಂದ ಮೇಲೂ ಒಂದು ಮಾತು ಹೇಳಬೇಕು. ಹತ್ತಿ ಕೂತರೆ ಹಡಗು ಚೆನ್ನಾಗಿದೆ.

ಹಾಗಾಗಿ ಭಾವನಿಗೆ ನಾನು ಕೊಟ್ಟ ಮೊದಲ ಸೂಚನೆ: ರೈಲು ಹತ್ತುವ ಮುಂಚೆ ನಿಮ್ಮ ಹಡಗು ಟ್ರೂನ್‌ನದೋ ಆರ್ಡ್ರಾಸನ್‌ನದೋ ನೋಡಿ. ಹಿಂದಿನ ರಾತ್ರಿ ಒಂದು ಸಲ, ಬೆಳಿಗ್ಗೆ ಎದ್ದು ಇನ್ನೊಂದು ಸಲ. ಟ್ರೂನ್ ಆದರೆ ಸ್ಟೇಷನ್ನಿನಿಂದ ಬಂದರಿಗೆ ಸೈಕಲ್‌ನಲ್ಲಿ ಐದಾರು ನಿಮಿಷ ತುಳಿಯಬೇಕು. ಸೈಕಲ್‌ಗೆ ರೈಲಿನಲ್ಲೂ ದುಡ್ಡಿಲ್ಲ, ಹಡಗಿನಲ್ಲೂ ದುಡ್ಡಿಲ್ಲ. ಮನುಷ್ಯರಿಗೆ ಮಾತ್ರ ಟಿಕೆಟ್. ಇದನ್ನು ಕೇಳಿ ಭಾವ ಎಷ್ಟು ಖುಷಿಪಟ್ಟರು ಅಂದರೆ, ವೀಸಾ ಫೀಸಿನ ದುಃಖ ಅರ್ಧ ಮರೆತರು.

ಗಾಳಿ ಜೋರಾದರೆ ಹಡಗು ನಿಲ್ಲುತ್ತೆ. ಬೇಸಿಗೆಯಲ್ಲಿ ಕಮ್ಮಿ, ಆದರೆ ಇಲ್ಲ ಅನ್ನೋ ಹಾಗಿಲ್ಲ. ಒಂದೇ ದಿನದ ಪ್ಲಾನ್ ಮಾಡಿದವರಿಗೆ ಹಡಗು ಎರಡು ಗಂಟೆ ತಡವಾದರೆ ದಿನವೇ ಹೋಯಿತು. ಮೂರು ದಿನದ ಪ್ಲಾನಿನಲ್ಲಿ ಎರಡು ಗಂಟೆ ಅಂದರೆ ಒಂದು ಚಹಾ ಮತ್ತು ಒಂದು ಸ್ಕೋನ್.

ಇನ್ನು ಯಾವ ಕಡೆಯಿಂದ ಸುತ್ತಬೇಕು ಅನ್ನೋ ಪ್ರಶ್ನೆ. ಇದರ ಬಗ್ಗೆ ಇಲ್ಲಿನ ಸೈಕಲ್ ಜನ ಗಂಟೆಗಟ್ಟಲೆ ಜಗಳ ಆಡ್ತಾರೆ. ನನ್ನ ಉತ್ತರ ಒಂದೇ. ಪ್ರದಕ್ಷಿಣೆ. ದೇವಸ್ಥಾನದಲ್ಲಿ ಹೇಗೆ ದೇವರು ಬಲಕ್ಕಿರುತ್ತಾನೋ ಹಾಗೆ ದ್ವೀಪದ ಬೆಟ್ಟ ನಿಮ್ಮ ಬಲಕ್ಕಿರಬೇಕು. ಬ್ರಾಡಿಕ್ ಇರೋದು ಪೂರ್ವ ದಡದಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಹೋಗಿ, ಪಶ್ಚಿಮ ದಡದಲ್ಲಿ ಉತ್ತರಕ್ಕೆ ಏರಿ, ಮೇಲಿನ ತುದಿಯ ಲಾಕ್‌ರಾಂಜ ಮುಟ್ಟಿ ಮತ್ತೆ ಬ್ರಾಡಿಕ್‌ಗೆ ಇಳಿಯಬೇಕು. ಇಲ್ಲೂ ನಮ್ಮಲ್ಲಿಯ ಹಾಗೆ ಎಡಕ್ಕೇ ಗಾಡಿ ಓಡಿಸೋದು. ಹಾಗಾಗಿ ಪ್ರದಕ್ಷಿಣೆ ಹಾಕಿದರೆ ಸಮುದ್ರ ಎಡಕ್ಕೆ, ನಿಮ್ಮ ಮೊಣಕೈ ಪಕ್ಕದಲ್ಲೇ ಇರುತ್ತೆ, ನಡುವೆ ಕಾರಿಲ್ಲ, ಬಸ್ಸಿಲ್ಲ, ಕೆಲವು ಕಡೆ ತಡೆಗೋಡೆಯೂ ಇಲ್ಲ. ಗಾಳಿಯೂ ಹೆಚ್ಚಿನ ದಿನ ನೈರುತ್ಯದಿಂದ ಬೀಸುತ್ತೆ. ಪಶ್ಚಿಮ ದಡದಲ್ಲಿ ಉತ್ತರಕ್ಕೆ ಹೋಗುವಾಗ ಅದು ಬೆನ್ನಿಗೆ ಬರುತ್ತೆ.

ಇದನ್ನು ನಾನು ಕಲಿತಿದ್ದು ಪುಸ್ತಕದಿಂದಲ್ಲ. ಮೊದಲ ಸಲ ಹೋದಾಗ ಯಾರೋ ಹೇಳಿದರು ಅಂತ ಉತ್ತರದಿಂದ ಶುರು ಮಾಡಿ ಅಪ್ರದಕ್ಷಿಣೆ ಹಾಕಿದೆ. ಅದೂ ಒಂದೇ ದಿನಕ್ಕೆ ಅಂತ. ಲಾಕ್‌ರಾಂಜದಿಂದ ಕೆಳಗೆ ಬರುವಾಗ ಆ ಗಾಳಿ ಎದೆಗೆ ಕೈಯಿಟ್ಟು ತಳ್ಳಿದ ಹಾಗೆ ತಳ್ಳುತ್ತಿತ್ತು. ಸಪಾಟು ರಸ್ತೆ, ಇಳಿಜಾರಿನ ಗೇರು ಬೇಡ, ಏರಿನ ಗೇರು ಹಾಕಿ ತುಳಿದಿದ್ದೇನೆ ಸ್ವಾಮಿ. ಬ್ಲ್ಯಾಕ್‌ವಾಟರ್‌ಫುಟ್ ದಾಟಿ ಇನ್ನೂ ಕೆಳಗೆ, ಸ್ಲಿಡರಿ ಹತ್ತಿರ, ಹಿಂದಿನ ಚಕ್ರ ಒಂದು ಗುಂಡಿಗೆ ಬಿತ್ತು. ಟಪ್ ಅಂತ ಸದ್ದು, ಆಮೇಲೆ ಬರೀ ರಿಮ್ಮಿನ ಗರಗರ. ಬ್ಯಾಗಿನಲ್ಲಿ ಹೊಸ ಟ್ಯೂಬ್ ಇತ್ತು. ತೆಗೆದೆ. ಟ್ಯೂಬಿನ ವಾಲ್ವ್ ದಪ್ಪದ್ದು, ಕಾರಿನ ಚಕ್ರದ ತರದ್ದು. ನನ್ನ ರಿಮ್ಮಿನ ತೂತು ಸಣ್ಣದು. ಅಂಗಡಿಯಲ್ಲಿ ಸರಿಯಾಗಿ ನೋಡದೆ ತಂದಿದ್ದೆ, ತಪ್ಪು ನನ್ನದೇ. ಮಳೆಯಲ್ಲಿ ರಸ್ತೆ ಬದಿ ಕೂತು, ಮರಗಟ್ಟಿದ ಬೆರಳಲ್ಲಿ ಹಳೇ ಟ್ಯೂಬಿಗೇ ಪಂಚರ್ ಹಾಕಲು ನೋಡಿದರೆ ಒದ್ದೆ ರಬ್ಬರಿಗೆ ಪ್ಯಾಚ್ ಅಂಟುತ್ತಿಲ್ಲ. ಬೇಲಿ ಆಚೆ ಏಳೆಂಟು ಕುರಿ ಸಾಲಾಗಿ ನಿಂತು ಮೇಯೋದು ಬಿಟ್ಟು ನನ್ನನ್ನೇ ನೋಡುತ್ತಿದ್ದವು. ಕೊನೆಗೆ ಪಿಕಪ್‌ನಲ್ಲಿ ಬಂದ ಒಬ್ಬ ರೈತ ನಿಲ್ಲಿಸಿ, ಏನೂ ಕೇಳದೆ ಸೈಕಲ್ ಎತ್ತಿ ಹಿಂದೆ ಹುಲ್ಲಿನ ಮೇಲೆ ಹಾಕಿ, ಬ್ರಾಡಿಕ್‌ನಲ್ಲಿ ಇಳಿಸಿದ. ಕೊನೆಯ ಹಡಗು ಹೋಗಿಯಾಗಿತ್ತು. ಆ ರಾತ್ರಿಯ ರೂಮಿನ ಬಾಡಿಗೆಯಲ್ಲಿ ಒಂದು ಹೊಸ ಚಕ್ರವೇ ಬರುತ್ತಿತ್ತು.

ಅದಕ್ಕೇ ಹೇಳೋದು, ಟ್ಯೂಬ್ ಎರಡು ತನ್ನಿ, ವಾಲ್ವ್ ನೋಡಿ ತನ್ನಿ. ಟೈರ್ ದಪ್ಪ ಇರಲಿ, 32 ಮಿಲಿಮೀಟರ್ ಆದರೆ ಒಳ್ಳೇದು. ದಕ್ಷಿಣ ಮತ್ತು ಪಶ್ಚಿಮದ ರಸ್ತೆಯಲ್ಲಿ ಗುಂಡಿಗಳಿಗೆ ಬರವಿಲ್ಲ. ಸ್ಕಾಟ್ಲೆಂಡ್ ಅಂದ ತಕ್ಷಣ ಕನ್ನಡಿ ತರದ ರಸ್ತೆ ಅಂದುಕೊಂಡು ಬರುವ ನಮ್ಮವರಿಗೆ ಊರು ನೆನಪಾಗುತ್ತೆ.

ಈಗ ನಮ್ಮ ಮೂರು ದಿನದ ಪ್ಲಾನ್. ಭಾವ, ಇದನ್ನು ಗಮನವಿಟ್ಟು ಓದಿ.

ಮೊದಲ ದಿನ ಬೆಳಿಗ್ಗೆ ಹಡಗು ಇಳಿದು ಬ್ರಾಡಿಕ್‌ನಲ್ಲೇ ಸಾಮಾನು ತಗೊಳ್ಳೋದು. ಬ್ರೆಡ್ಡು, ಚೀಸು, ಬಾಳೆಹಣ್ಣು, ದ್ವೀಪದಲ್ಲೇ ಮಾಡುವ ಓಟ್‌ಕೇಕು. ಮುಂದೆ ಅಂಗಡಿ ಇವೆ, ಆದರೆ ದೂರ ದೂರ, ಬಾಗಿಲು ಹಾಕೋದೂ ಬೇಗ. ಬ್ರಾಡಿಕ್ ಬಿಟ್ಟ ಕೂಡಲೇ ಏರು ಬರುತ್ತೆ, ಮೈ ಬಿಸಿಯಾಗೋಕೂ ಪುರುಸೊತ್ತು ಕೊಡಲ್ಲ. ಅದನ್ನು ಹತ್ತಿ ಇಳಿದರೆ ಲ್ಯಾಮ್ಲಾಶ್. ಎದುರಿಗೆ ನೀರಿನ ಮಧ್ಯೆ ಒಂದು ಗುಡ್ಡ ನಿಂತಿದೆ, ಅದೇ ಹೋಲಿ ಐಲ್. 1992ರಲ್ಲಿ ಅದನ್ನು ಸ್ಕಾಟ್ಲೆಂಡಿನ ಟಿಬೆಟನ್ ಬೌದ್ಧ ಮಠ ಸಾಮ್ಯೆ ಲಿಂಗ್ ಕೊಂಡುಕೊಂಡಿತು. ಬಣ್ಣ ಬಣ್ಣದ ಪ್ರಾರ್ಥನೆಯ ಬಾವುಟಗಳು ಈ ಚಳಿಗಾಳಿಯಲ್ಲಿ ಪಟಪಟ ಅನ್ನೋದು ನೋಡಿದಾಗ ನನಗೆ ನೆನಪಾಗಿದ್ದು ಬೈಲಕುಪ್ಪೆ. ಮೈಸೂರಿನವರಿಗೆ ಬೈಲಕುಪ್ಪೆ ಮನೆಯ ಹಿತ್ತಲಿದ್ದ ಹಾಗೆ, ಅವರಿಗೂ ಹಾಗೇ ಅನ್ನಿಸುತ್ತೋ ಏನೋ. ಬೇಸಿಗೆಯಲ್ಲಿ ಲ್ಯಾಮ್ಲಾಶ್‌ನಿಂದ ಸಣ್ಣ ದೋಣಿ ಹೋಗುತ್ತೆ. ಇದೇ ಕೊಲ್ಲಿಯ ಒಂದು ಭಾಗದಲ್ಲಿ 2008ರಿಂದ ಮೀನು ಹಿಡಿಯುವುದು ಪೂರ್ತಿ ಬಂದ್. ಸ್ಕಾಟ್ಲೆಂಡಿನಲ್ಲಿ ಅಂಥದ್ದು ಇದೇ ಮೊದಲು, ಅದೂ ದ್ವೀಪದ ಜನರೇ ವರ್ಷಗಟ್ಟಲೆ ಹೋರಾಡಿ ಮಾಡಿಸಿಕೊಂಡಿದ್ದು.

ಅಲ್ಲಿಂದ ವೈಟಿಂಗ್ ಬೇ. ಸೈಕಲ್ ನಿಲ್ಲಿಸಿ ಗ್ಲೆನ್ಯಾಶ್‌ಡೇಲ್ ಜಲಪಾತಕ್ಕೆ ನಡೆದು ಹೋಗಿ ಬರಬಹುದು. ಜೋಗ ನೋಡಿದವರು ನಗಬೇಡಿ, ಕಾಡಿನ ದಾರಿ ಚೆನ್ನಾಗಿದೆ. ಆ ದಿನ ಕಿಲ್ಡೋನನ್‌ನಲ್ಲಿ ಉಳಿಯೋದು. ಬ್ರಾಡಿಕ್‌ನಿಂದ ಬರೀ 20 ಕಿಲೋಮೀಟರ್. ಇಷ್ಟೇನಾ ಅಂತ ಭಾವ ಮೂಗು ಮುರಿದರು. ಮುರಿಯಲಿ. ಬೆಂಗಳೂರಿಂದ ವಿಮಾನದಲ್ಲಿ ಬಂದು ಎರಡು ದಿನವೂ ಆಗಿರಲ್ಲ, ನಿದ್ದೆ ನೆಟ್ಟಗಾಗಿರಲ್ಲ. ಕಿಲ್ಡೋನನ್ ದಡದಲ್ಲಿ ಬಂಡೆಗಳ ಮೇಲೆ ಸೀಲ್‌ಗಳು ಬಾಳೆಹಣ್ಣಿನ ತರ ಬಾಗಿ ಮಲಗಿರುತ್ತವೆ. ಎದುರಿಗೆ ಪ್ಲ್ಯಾಡಾ ಅನ್ನೋ ಪುಟ್ಟ ದ್ವೀಪ, ಅದರ ಮೇಲೆ ದೀಪಸ್ತಂಭ, ಅದರಾಚೆ ಐಲ್ಸಾ ಕ್ರೇಗ್ ಅನ್ನೋ ಒಂಟಿ ಗುಡ್ಡ. ಒಲಿಂಪಿಕ್ಸ್‌ನಲ್ಲಿ ಮಂಜಿನ ಮೇಲೆ ಕೆಟಲ್ ತರದ ಕಲ್ಲು ಜಾರಿಸಿ ಪೊರಕೆಯಲ್ಲಿ ಉಜ್ಜುತ್ತಾರಲ್ಲ, ಕರ್ಲಿಂಗ್, ಆ ಕಲ್ಲು ಬರೋದು ಅಲ್ಲಿಂದ. ಮೇ ಕೊನೆಯಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತೆ. ಸುಮ್ನೆ ಕೂತು ನೋಡೋದು. ಇದಕ್ಕೆ ಒಂದು ದಿನದ ಪ್ಲಾನಿನಲ್ಲಿ ಜಾಗವೇ ಇಲ್ಲ ನೋಡಿ.

ಎರಡನೇ ದಿನ ಜಾಸ್ತಿ ತುಳಿಯೋದು, 48 ಕಿಲೋಮೀಟರ್‌ನಷ್ಟು. ಬೆಳಿಗ್ಗೆಯೇ ಪರೀಕ್ಷೆ. ಕಿಲ್ಡೋನನ್ ಇರೋದು ಮುಖ್ಯ ರಸ್ತೆಯಿಂದ ಕೆಳಗೆ, ತಿಂಡಿ ತಿಂದ ಹೊಟ್ಟೆಯಲ್ಲಿ ಕಡಿದಾದ ಏರು ಹತ್ತಿ ಮೇಲೆ ಬರಬೇಕು. ಆಮೇಲೆ ದಕ್ಷಿಣದ ರಸ್ತೆ ಪೂರ್ತಿ ಏರು, ಇಳಿ, ತಿರುವು, ಏರು, ಇಳಿ. ಚಾಮುಂಡಿ ಬೆಟ್ಟಕ್ಕೂ ಇದಕ್ಕೂ ಇದೇ ವ್ಯತ್ಯಾಸ. ಬೆಟ್ಟ ಒಂದೇ ಸಲ ಹತ್ತಿಸಿ ಮುಗಿಸುತ್ತೆ, ಉಸಿರಿಗೆ ಒಂದು ಲಯ ಸಿಗುತ್ತೆ. ಇಲ್ಲಿ ಲಯ ಸಿಕ್ಕಿತು ಅನ್ನುವಷ್ಟರಲ್ಲಿ ಇಳಿಜಾರು, ಮೈ ತಣ್ಣಗಾಗುತ್ತೆ, ಮತ್ತೆ ಏರು. ಇಡೀ ಸುತ್ತಿಗೆ ಲೆಕ್ಕ ಹಾಕಿದರೆ ಒಟ್ಟು ಏರು ಸುಮಾರು ಒಂದು ಸಾವಿರ ಮೀಟರ್. ಅದರಲ್ಲಿ ದೊಡ್ಡ ಪಾಲು ಈ ದಕ್ಷಿಣದ್ದೇ. ಮೇಲಾಗಿ ಪಶ್ಚಿಮಕ್ಕೆ ಹೋಗೋದರಿಂದ ಸ್ವಲ್ಪ ಎದುರು ಗಾಳಿಯೂ ಇರುತ್ತೆ, ಸುಳ್ಳು ಹೇಳಲ್ಲ.

ಬ್ಲ್ಯಾಕ್‌ವಾಟರ್‌ಫುಟ್ ಮುಟ್ಟಿದರೆ ಕಷ್ಟ ಮುಗಿಯಿತು. ಯಾರಿಗಾದರೂ ಕಾಲು ಸೋತರೆ ಅಥವಾ ಮಳೆ ಹುಚ್ಚು ಹಿಡಿದರೆ ಇಲ್ಲಿಂದ ದ್ವೀಪದ ನಡುವೆ ಹಾದು ಬ್ರಾಡಿಕ್‌ಗೆ ಹೋಗುವ ಅಡ್ಡದಾರಿ ಇದೆ, ಸ್ಟ್ರಿಂಗ್ ಅಂತಾರೆ. ಅದಕ್ಕೂ ಒಂದು ಒಳ್ಳೇ ಏರಿದೆ, ಹಾಗಾಗಿ ಅದು ಸುಲಭದ ದಾರಿ ಅಂತ ಮೋಸ ಹೋಗಬೇಡಿ, ಹತ್ತಿರದ ದಾರಿ ಅಷ್ಟೇ. ಊರಿನ ಉತ್ತರಕ್ಕೆ ಕಿಂಗ್ಸ್ ಕೇವ್ ಇದೆ. ಜೇಡ ಬಿದ್ದು ಬಿದ್ದು ಎದ್ದು ಬಲೆ ಕಟ್ಟಿದ್ದನ್ನು ನೋಡಿ ರಾಬರ್ಟ್ ಬ್ರೂಸ್ ರಾಜನಿಗೆ ಧೈರ್ಯ ಬಂತು ಅಂತ ಶಾಲೆಯಲ್ಲಿ ಮೇಷ್ಟ್ರು ಹೇಳುತ್ತಿದ್ದರಲ್ಲ, ಆ ಗುಹೆ ಇದೇ ಅಂತ ಇಲ್ಲಿನವರು ಹೇಳ್ತಾರೆ. ಇನ್ನೂ ಕೆಲವು ಊರಿನವರು ನಮ್ಮದೇ ಆ ಗುಹೆ ಅಂತಾರೆ. ಹನುಮಂತ ಹುಟ್ಟಿದ ಜಾಗದ ತರ.

ನನ್ನನ್ನು ಕೇಳಿದರೆ ಗುಹೆ ಬಿಟ್ಟರೂ ಮ್ಯಾಕ್ರಿ ಮೂರ್ ಬಿಡಬಾರದು. ರಸ್ತೆಯಿಂದ ಒಳಗೆ ಎರಡು ಎರಡೂವರೆ ಕಿಲೋಮೀಟರ್ ಹೊಲದ ದಾರಿ ನಡೆಯಬೇಕು. ಬಯಲು, ಹುಲ್ಲು, ಕುರಿ, ಇದ್ದಕ್ಕಿದ್ದಂತೆ ಮೂರು ಕೆಂಪು ಕಲ್ಲುಗಳು ಆಕಾಶಕ್ಕೆ ನಿಂತಿವೆ. ದೊಡ್ಡದು ಐದು ಮೀಟರ್‌ಗೂ ಎತ್ತರ. ಸುತ್ತಮುತ್ತ ಆರು ಕಲ್ಲಿನ ವೃತ್ತಗಳಿವೆ, ನಾಲ್ಕು ಸಾವಿರ ವರ್ಷದ ಆಸುಪಾಸಿನವು. ನಮ್ಮ ಹಿರೇಬೆಣಕಲ್ ಬೆಟ್ಟದ ಕಲ್ಲಿನ ಸಮಾಧಿಗಳನ್ನು ನೋಡಿದವರಿಗೆ ಇಲ್ಲಿ ನಿಂತಾಗ ಒಂದು ತರ ಆಗುತ್ತೆ. ಟಿಕೆಟ್ ಇಲ್ಲ, ಗೇಟಿಲ್ಲ, ಕಾವಲುಗಾರನಿಲ್ಲ. ಒಂದು ವೃತ್ತದ ಕಲ್ಲಿನಲ್ಲಿ ತೂತಿದೆ. ಫಿಂಗಲ್ ಅನ್ನೋ ದೈತ್ಯ ಅಡುಗೆ ಮಾಡುವಾಗ ತನ್ನ ನಾಯಿಯನ್ನು ಆ ತೂತಿಗೆ ಕಟ್ಟಿಹಾಕುತ್ತಿದ್ದನಂತೆ. ನಮ್ಮ ಕಡೆ ಭೀಮ ಒಲೆ ಹೂಡಿದ ಕಲ್ಲುಗಳಿಲ್ಲವೇ, ಹಾಗೆ. ನಾನು ಆ ತೂತಿನಲ್ಲಿ ಬೆರಳಾಡಿಸಿ ನೋಡಿದೆ. ಅಂಚು ನುಣುಪಾಗಿದೆ. ನನ್ನಂತೆ ಎಷ್ಟು ಜನ ಬೆರಳಾಡಿಸಿದ್ದಾರೋ.

ಆಮೇಲೆ ಲಾಕ್‌ರಾಂಜದವರೆಗೂ ಬೆನ್ನಿಗೆ ಗಾಳಿ, ಎಡಕ್ಕೆ ನೀರು, ಆಚೆ ದಡದಲ್ಲಿ ಕಿಂಟೈರ್‌ನ ಗುಡ್ಡಗಳು, ಹೆಚ್ಚುಕಮ್ಮಿ ಸಪಾಟು ರಸ್ತೆ. ಕಾರುಗಳೂ ಕಮ್ಮಿ. ಈ ಒಂದು ತುಂಡಿಗೋಸ್ಕರವೇ ನಾನು ಮತ್ತೆ ಮತ್ತೆ ಹೋಗೋದು. ಪಿರ್ನ್‌ಮಿಲ್‌ನಲ್ಲಿ ಒಂದು ಅಂಗಡಿ ಇದೆ, ನಿಲ್ಲಿ. ಮುಂದೆ ಕ್ಯಾಟಕಾಲ್‌ನಲ್ಲಿ ಸಾಲಾಗಿ ಹನ್ನೆರಡು ಬಿಳಿ ಮನೆಗಳು ಒಂದಕ್ಕೊಂದು ಅಂಟಿಕೊಂಡು ಕೂತಿವೆ, ಹೆಸರು 'ಹನ್ನೆರಡು ಶಿಷ್ಯರು'. 1860ರ ದಶಕದ್ದು. ಜಿಂಕೆ ಬೇಟೆಗೆ ಜಾಗ ಬೇಕು ಅಂತ ಕಣಿವೆಯಿಂದ ಎಬ್ಬಿಸಿದ ರೈತರಿಗೆ ಕಟ್ಟಿಸಿದ ಮನೆಗಳು. ಫೋಟೊ ತೆಗೆಯೋದಕ್ಕೆ ಚೆಂದ, ಕಥೆ ಮಾತ್ರ ಚೆಂದದ್ದಲ್ಲ. ಮೇಲಿನ ಕಿಟಕಿಗಳನ್ನು ನೋಡಿ, ಒಂದೊಂದರ ಆಕಾರ ಒಂದೊಂದು. ಸಮುದ್ರದಲ್ಲಿರುವ ಗಂಡನಿಗೆ ದೀಪ ಯಾರ ಮನೆಯದು ಅಂತ ತಿಳಿಯಲಿ ಅಂತ ಹಾಗೆ ಮಾಡಿದ್ದಂತೆ.

ಲಾಕ್‌ರಾಂಜದಲ್ಲಿ ರಾತ್ರಿ. ಹಾಸ್ಟೆಲ್ ಇದೆ, ಟೆಂಟ್ ಹಾಕೋ ಜಾಗವೂ ಇದೆ. ನಾವು ಹಾಸ್ಟೆಲ್, ಯಾಕಂದರೆ ಭಾವನಿಗೆ ಬೆಳಿಗ್ಗೆ ಬಿಸಿನೀರು ಬೇಕು. ಮುರುಕು ಕೋಟೆ ನೀರಿನ ಅಂಚಿಗೆ ನಿಂತಿದೆ. ಕೆಂಪು ಜಿಂಕೆಗಳು ಊರೊಳಗೆ ನಮ್ಮಲ್ಲಿ ದನಗಳು ಓಡಾಡುವ ಹಾಗೆ ಓಡಾಡಿಕೊಂಡಿರುತ್ತವೆ. ಒಂದು ಸಲ ಬಸ್ ಸ್ಟಾಪಿನ ಪಕ್ಕದಲ್ಲೇ ಒಂದು ಆರಾಮಾಗಿ ಮೆಲುಕು ಹಾಕುತ್ತಾ ಮಲಗಿತ್ತು. ಇಲ್ಲಿಂದ ಸ್ವಲ್ಪ ನಡೆದರೆ 1787ರಲ್ಲಿ ಭೂವಿಜ್ಞಾನಿ ಜೇಮ್ಸ್ ಹಟನ್ ಬಂದು ನೋಡಿದ ಬಂಡೆಗಳು ಸಿಗುತ್ತವೆ. ಒಂದು ಪದರ ಒಂದು ಓರೆಗೆ, ಅದರ ಮೇಲಿನದು ಬೇರೆ ಓರೆಗೆ. ಭೂಮಿಯ ವಯಸ್ಸು ಜನ ಅಂದುಕೊಂಡಿದ್ದಕ್ಕಿಂತ ಬಹಳ ಬಹಳ ಜಾಸ್ತಿ ಅನ್ನೋ ವಾದಕ್ಕೆ ಅವನು ಹುಡುಕುತ್ತಿದ್ದದ್ದು ಇಂಥದ್ದನ್ನೇ.

ಒಂದು ಎಚ್ಚರಿಕೆ, ಸಂಜೆ ಗಾಳಿ ನಿಂತರೆ ಮಿಡ್ಜ್ ಬರುತ್ತೆ. ನಮ್ಮ ಗುಂಗುರು ಹುಳದ ತಮ್ಮ, ಆದರೆ ಕಚ್ಚುತ್ತೆ, ಸಾವಿರಗಟ್ಟಲೆ ಬಂದು ಕಚ್ಚುತ್ತೆ. ಕಿವಿಯೊಳಗೆ, ಕೂದಲ ಬುಡದಲ್ಲಿ, ಕನ್ನಡಕದ ಹಿಂದೆ. ಬೀಸುವ ಗಾಳಿಯಲ್ಲಿ ಅದಕ್ಕೆ ಹಾರೋಕಾಗಲ್ಲ. ಹಗಲೆಲ್ಲ ಬೈದ ಗಾಳಿಯನ್ನೇ ಸಂಜೆ ಬಾರಪ್ಪಾ ಅಂತ ಕರೆಯುವ ಪರಿಸ್ಥಿತಿ. ಮೇ ತಿಂಗಳು ಆರಿಸಿಕೊಂಡಿದ್ದೇ ಇದಕ್ಕೆ. ಆಗ ಮಿಡ್ಜ್ ಇನ್ನೂ ಶುರು, ಜುಲೈ ಆಗಸ್ಟಿನಷ್ಟಿರಲ್ಲ, ಮಳೆಯೂ ಕಮ್ಮಿ. ಮಳೆ ಬಂದರೂ ಆಗುಂಬೆ ಮಳೆಯಂಥದ್ದೇನಲ್ಲ, ಜಿಟಿಜಿಟಿ. ಆದರೆ ಅಡ್ಡಡ್ಡ ಬರುತ್ತೆ. ಛತ್ರಿ, ಬೆಂಗಳೂರಿನ ತೆಳು ರೇನ್‌ಕೋಟು, ಎರಡೂ ಮನೆಯಲ್ಲೇ ಇರಲಿ. ಜಾಕೆಟ್ ಇಲ್ಲಿ ನಾನು ಕೊಡಿಸ್ತೇನೆ.

ಮೂರನೇ ದಿನ ಬರೀ 23 ಕಿಲೋಮೀಟರ್. ಲಾಕ್‌ರಾಂಜ ಬಿಟ್ಟ ಕೂಡಲೇ ಬೋಗಿಲಿ ಅನ್ನೋ ಏರು, 200 ಮೀಟರ್ ಎತ್ತರಕ್ಕೆ. ಇದು ಮಾತ್ರ ಚಾಮುಂಡಿ ಬೆಟ್ಟದ ತರದ್ದು, ಒಂದೇ ಸಮನೆ ಏರು, ಭಾವ ನನ್ನನ್ನು ಹಿಂದೆ ಹಾಕ್ತಾರೆ. ಮೇಲೆ ಮನೆಯಿಲ್ಲ, ಮರವಿಲ್ಲ, ಬಲಕ್ಕೆ ಗರಗಸದ ಹಲ್ಲಿನಂಥ ಬೆಟ್ಟದ ಸಾಲು. ಆಚೆ ಸ್ಯಾನಕ್ಸ್‌ವರೆಗೂ ಪೆಡಲ್ ತುಳಿಯದೆ ಇಳಿಯಬಹುದು. ಕೊರ್ರಿಯ ಪುಟ್ಟ ಬಂದರಿನಲ್ಲಿ ದೋಣಿ ಕಟ್ಟುವ ಗೂಟಗಳಿಗೆ ಕುರಿಯ ಆಕಾರ ಕೊಟ್ಟು ಬಣ್ಣ ಹಚ್ಚಿದ್ದಾರೆ. ಸ್ಲಿಡರಿಯ ಕುರಿಗಳ ಮುಂದೆ ಇವು ಎಷ್ಟೋ ವಾಸಿ, ನೋಡಿ ನಗಲ್ಲ. ಅಲ್ಲಿಂದ 874 ಮೀಟರಿನ ಗೋಟ್ ಫೆಲ್ ಬೆಟ್ಟದ ಬುಡದಲ್ಲಿ, ದಡದ ಅಂಚಿನಲ್ಲೇ ಸಪಾಟು ರಸ್ತೆ, ಬ್ರಾಡಿಕ್‌ವರೆಗೂ. ಮಧ್ಯಾಹ್ನಕ್ಕೆ ಮುಂಚೆ ತಲುಪಿರ್ತೇವೆ. ಆ ದಿನ ಬೇಕಂತಲೇ ಚಿಕ್ಕದಿಟ್ಟಿದ್ದೇನೆ. ಒಂದು ಹಡಗು ರದ್ದಾದರೂ ಮುಂದಿನದು ಹಿಡಿಯಬಹುದು, ವಾಲ್ವ್ ತಪ್ಪಿದ ಟ್ಯೂಬ್ ಇದ್ದರೂ ಅಂಗಡಿವರೆಗೆ ತಳ್ಳಿಕೊಂಡು ಹೋಗಬಹುದು.

ಗಾಳಿ ಆ ವಾರ ಉತ್ತರದಿಂದ ಬೀಸಿದರೆ? ಮೇನಲ್ಲಿ ಹಾಗೂ ಆಗುತ್ತೆ. ಆಗ ಮೇಲೆ ಬರೆದಿದ್ದನ್ನೆಲ್ಲ ತಿರುಗಿಸಿ ಹಾಕೋದು, ಅಪ್ರದಕ್ಷಿಣೆಯೇ ಸರಿ. ಭಾವ ಒಪ್ಪಿದ್ದಾರೆ, ಅಕ್ಕನಿಗೆ ಹೇಳಬೇಡ ಅಂದಿದ್ದಾರೆ.

ನಿಮ್ಮಲ್ಲಿ ಕೇಳಿಕೊಳ್ಳೋದು ಇಷ್ಟೇ. ಪುರವಣಿಯ ಆ ಸಾಲಿಗೆ ಒಂದು ಸಣ್ಣ ತಿದ್ದುಪಡಿ ಹಾಕಿ, 'ಒಂದು ದಿನ' ಇದ್ದ ಕಡೆ 'ಮೂರು ದಿನ' ಅಂತ. ಆಗಲ್ಲ ಅಂದರೆ ಈ ಪತ್ರವನ್ನಾದರೂ ಮುಂದಿನ ಭಾನುವಾರದೊಳಗೆ ಹಾಕಿ. ಹಾಸ್ಟೆಲ್‌ನವರು ನಾಲ್ಕು ಹಾಸಿಗೆಗೆ ಮುಂಗಡ ಕೇಳುತ್ತಿದ್ದಾರೆ, ಭಾವ ಇನ್ನೂ ದುಡ್ಡು ಕಳಿಸಿಲ್ಲ.

ಗ್ಲಾಸ್ಗೋದಿಂದ ನಿಮ್ಮ ಓದುಗ,
ತಿಪಟೂರಿನವನು